ನೋಂದಣಿಯ ಹಿಂದಿನ ಸಂಜೆ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ದೂರವಾಣಿ ಕರೆ ಮಾಡಿದ್ದ. ಹತ್ತನೆಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಇತಿಹಾಸದ ಇಸವಿಗಳನ್ನು ಕೈಬೆರಳಿನಲ್ಲಿ ಎಣಿಸುತ್ತಿದ್ದ ಹುಡುಗ. ಈಗ ಎರಡು ಮಕ್ಕಳ ತಂದೆ. ಶಿರಸಿಯ ಸಮೀಪ ಹಳೆಯದೊಂದು ಮನೆಯನ್ನು, ಅದರ ಹಿತ್ತಲನ್ನೂ ಸೇರಿಸಿ, ಕೊಂಡುಕೊಳ್ಳುವ ಸಿದ್ಧತೆಯಲ್ಲಿದ್ದಾನೆ. ಸಂಚಕಾರ ಕೊಟ್ಟಾಗಿದೆ, ಬ್ಯಾಂಕಿನ ಸಾಲ ಮಂಜೂರಾಗಿದೆ, ನೋಂದಣಿಯ ದಿನವೂ ಗೊತ್ತಾಗಿದೆ. "ಸರ್, ಆ ದಿನಕ್ಕೆ ನಾನು ಏನೇನು ಸಿದ್ಧ ಮಾಡಿಕೊಳ್ಳಬೇಕು?" ಎಂಬುದು ಅವನ ಪ್ರಶ್ನೆ. ನಾನು ವಕೀಲನಲ್ಲ, ಇತಿಹಾಸ ಕಲಿಸಿದ ಮೇಷ್ಟರು. ಆದರೂ ಈ ಪ್ರಶ್ನೆಗೆ ಇತಿಹಾಸದೊಳಗೇ ಉತ್ತರವಿದೆ ಎಂಬುದು ನನ್ನ ನಂಬಿಕೆ. ಜೊತೆಗೆ ನಲವತ್ತು ವರ್ಷಗಳಿಂದ ಮನಸ್ಸಿನಲ್ಲೇ ಉಳಿದುಕೊಂಡಿರುವ ಒಂದು ಪ್ರಸಂಗವನ್ನೂ ಹೇಳಬೇಕಾಗಿದೆ. ಆದ್ದರಿಂದ ಅವನೊಬ್ಬನಿಗೆ ಹೇಳಬೇಕಾದುದನ್ನು ನಿಮ್ಮೆಲ್ಲರಿಗೂ ಹೇಳುತ್ತಿದ್ದೇನೆ.

ಮೊದಲು ಬಹಳ ಹಿಂದಕ್ಕೆ ಹೋಗೋಣ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ ಕಾಲ 1076ರಿಂದ 1126. ಅವನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ 'ಮಿತಾಕ್ಷರಾ' ಎಂದು ನಿಮಗೆ ಪಾಠ ಮಾಡಿದ್ದು ನೆನಪಿರಬಹುದು. ಆಗ ಪರೀಕ್ಷೆಗೆ ಒಂದು ಅಂಕದ ಪ್ರಶ್ನೆಯಾಗಿ ಅದನ್ನು ಕಲಿತಿರಿ. ಆ ಗ್ರಂಥದಲ್ಲಿ ಭೂಮಿಯು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗಬೇಕಾದರೆ ಆರು ಸಂಗತಿಗಳು ಕೂಡಿಬರಬೇಕೆಂಬ ಹಳೆಯ ವಚನವೊಂದರ ಚರ್ಚೆ ಇದೆ. ಊರವರ ಒಪ್ಪಿಗೆ, ಜ್ಞಾತಿಗಳ ಒಪ್ಪಿಗೆ, ಅಕ್ಕಪಕ್ಕದ ಜಮೀನಿನವರ ಒಪ್ಪಿಗೆ, ದಾಯಾದರ ಒಪ್ಪಿಗೆ, ಆಮೇಲೆ ಹೊನ್ನು ಮತ್ತು ನೀರನ್ನು ಕೈಗೆ ಎರೆಯುವುದು. ಇವೇ ಆ ಆರು.

ವಿಜ್ಞಾನೇಶ್ವರನ ಹೆಚ್ಚುಗಾರಿಕೆ ಇರುವುದು ಈ ಪಟ್ಟಿಗೆ ಅವನು ಕೊಟ್ಟ ಕಾರಣಗಳಲ್ಲಿ. ಊರವರ ಒಪ್ಪಿಗೆ ಏಕೆಂದರೆ ವ್ಯವಹಾರ ನಾಲ್ಕು ಜನರಿಗೆ ಬಹಿರಂಗವಾಗಲಿ ಎಂದು. ಅವರು ಒಪ್ಪದಿದ್ದರೆ ವ್ಯವಹಾರವೇ ನಡೆಯದು ಎಂದಲ್ಲ. ನೆರೆಯವರ ಒಪ್ಪಿಗೆ ಮುಂದೆ ಗಡಿಯ ತಕರಾರು ಬಾರದಿರಲಿ ಎಂದು. ಜ್ಞಾತಿಗಳ ಒಪ್ಪಿಗೆ, ಇವರು ಪಾಲಾದವರೋ ಕೂಡಿರುವವರೋ ಎಂಬ ಸಂಶಯ ನಾಳೆ ಏಳದಿರಲಿ ಎಂದು. ಸ್ಥಿರಾಸ್ತಿಯನ್ನು ಮಾರುವುದು ಸಲ್ಲದು ಎಂಬ ನಂಬಿಕೆ ಇದ್ದುದರಿಂದ ಮಾರಾಟಕ್ಕೂ ದಾನದ ರೂಪ ಕೊಟ್ಟು ನೀರು ಎರೆಯುತ್ತಿದ್ದರು. ಶಾಸನಗಳಲ್ಲಿ 'ಧಾರಾಪೂರ್ವಕ' ಎಂಬ ಮಾತು ಮತ್ತೆ ಮತ್ತೆ ಬರುವುದು ಇದರಿಂದಲೇ.

ಒಂಬೈನೂರು ವರ್ಷ ಕಳೆದರೂ ಮನೆ ಕೊಳ್ಳುವವನ ಚಿಂತೆಗಳು ಬದಲಾಗಿಲ್ಲ. ವ್ಯವಹಾರ ಬಹಿರಂಗವಾಗಿದೆಯೇ? ಗಡಿ ಸರಿಯಿದೆಯೇ? ಹಕ್ಕುಳ್ಳವರೆಲ್ಲರೂ ಒಪ್ಪಿದ್ದಾರೆಯೇ? ಹಣ ಸಂದಾಯವಾಯಿತೇ? ಇಂದು ಕಚೇರಿಯಲ್ಲಿ ಕೇಳುವ ಕಾಗದಗಳೆಲ್ಲ ಈ ನಾಲ್ಕು ಪ್ರಶ್ನೆಗಳ ಸುತ್ತಲೇ ಇವೆ.

ಇನ್ನು ಹಳೆಯ ಪತ್ರಗಳ ಮಾತು. ನಮ್ಮ ಸೀಮೆಯ ಹಳೆಯ ಖರೀದಿಪತ್ರಗಳಲ್ಲಿ 'ಅಷ್ಟಭೋಗ ತೇಜಸ್ವಾಮ್ಯ ಸಹಿತ' ಎಂಬ ಮಾತನ್ನು ನೀವು ಕಂಡಿರಬಹುದು. ವಿಜಯನಗರ ಕಾಲದ ಶಾಸನಗಳಿಂದ ಇಳಿದುಬಂದ ಮಾತು ಅದು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಹಕ್ಕುಗಳು. ನೆಲದೊಳಗೆ ಹುದುಗಿದ್ದು, ಇಟ್ಟದ್ದು, ನೀರು, ಕಲ್ಲು, ಕುಂದದ ಉತ್ಪನ್ನ, ಮುಂದೆ ಬರಬಹುದಾದ ಲಾಭ, ಈಗಾಗಲೇ ಸಾಗುವಳಿಯಾದದ್ದು, ಇನ್ನು ಸಾಗುವಳಿ ಮಾಡಬಹುದಾದದ್ದು. ಬರೆಯುವವರು ಅಭ್ಯಾಸಬಲದಿಂದ ಬರೆದರು, ಕೊಳ್ಳುವವರು ಅರ್ಥ ಕೇಳದೆ ಸಹಿ ಹಾಕಿಸಿಕೊಂಡರು. ಆದರೆ ಅದರ ಹಿಂದಿನ ಎಚ್ಚರ ಮಾತ್ರ ನಿಜವಾದದ್ದು: ಕೊಳ್ಳುವುದು ಗೋಡೆ ಮತ್ತು ಹಂಚನ್ನಷ್ಟೇ ಅಲ್ಲ, ಬಾವಿಯ ನೀರು, ನಡೆಯುವ ದಾರಿ, ಅಬ್ಬಿಯಿಂದ ಬರುವ ದಂಬೆಯ ಹಕ್ಕು ಎಲ್ಲವೂ ಪತ್ರದಲ್ಲಿ ಬರಬೇಕು. ಮಲೆನಾಡಿನಲ್ಲಿ ದಾರಿ ಮತ್ತು ನೀರಿಗಾಗಿ ನಡೆದಷ್ಟು ವ್ಯಾಜ್ಯ ಮನೆಗಾಗಿ ನಡೆದಿರಲಾರದು.

ಟಿಪ್ಪುವಿನ ಪತನದ ನಂತರ 1799ರಲ್ಲಿ ಕೆನರಾ ಪ್ರಾಂತ ಕಂಪನಿ ಸರಕಾರದ ಕೈಸೇರಿತು. ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಇಲ್ಲಿ ಭೂಮಿ ಬಹುಕಾಲದಿಂದ ಖಾಸಗಿ ಸ್ವತ್ತಾಗಿದೆ, ಜನರು ಅದನ್ನು ಮಾರುತ್ತಾರೆ, ಕೊಳ್ಳುತ್ತಾರೆ, ಅಡವಿಡುತ್ತಾರೆ ಎಂದು ವರದಿ ಮಾಡಿದ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಸೋಂದಾ, ಶಿರಸಿ, ಬನವಾಸಿಯ ಮಾರ್ಗವಾಗಿ ಸಂಚರಿಸಿ ನಮ್ಮ ಅಡಿಕೆ ತೋಟಗಳನ್ನು ಕುರಿತು ಬರೆದ. ಆಗಿನ ಲೆಕ್ಕಪತ್ರಗಳಿಗೆ ಕಡತ ಬಳಕೆಯಲ್ಲಿತ್ತು. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಾಡಿ, ಬಳಪದಿಂದ ಬರೆಯುವ ಕಪ್ಪು ಪುಸ್ತಕ ಅದು. ಒರೆಸಿ ಮತ್ತೆ ಬರೆಯಬಹುದಾಗಿತ್ತು. ಅದೇ ಅದರ ಅನುಕೂಲ, ಅದೇ ಅದರ ಅಪಾಯ.

1862ರಲ್ಲಿ ಉತ್ತರ ಕನ್ನಡವು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ನಡುವಿನ ಆ 94 ವರ್ಷಗಳು ನಮ್ಮ ನಾಲಗೆಯ ಮೇಲೆ ಇಂದಿಗೂ ಇವೆ. ಮೈಸೂರಿನವರು 'ಕ್ರಯಪತ್ರ' ಎಂದರೆ ನಾವು 'ಖರೀದಿಪತ್ರ' ಎನ್ನುತ್ತೇವೆ. ಕೃಷಿಯೇತರ ಎಂದು ಪರಿವರ್ತನೆಯಾದ ಜಾಗಕ್ಕೆ ನಮ್ಮ ಹಿರಿಯರ ಮಾತು 'ಬಿನ್‌ಶೇತಕಿ'. ಪಹಣಿಯಲ್ಲಿ ಕಾಣುವ ಸೊಸೈಟಿಯ ಸಾಲ ನಮಗೆ 'ಬೋಜಾ'.

ಬರೆದ ಪತ್ರವನ್ನು ಸರಕಾರದ ಪುಸ್ತಕದಲ್ಲಿ ದಾಖಲಿಸಬೇಕೆಂಬ ಕಾಯಿದೆ ಇಡೀ ದೇಶಕ್ಕೆ ಬಂದದ್ದು 1864ರಲ್ಲಿ. 1866, 1871, 1877ರಲ್ಲಿ ತಿದ್ದಿ ಬರೆದು, ಕೊನೆಗೆ 1908ರ ನೋಂದಣಿ ಕಾಯಿದೆಯಾಗಿ 1909ರ ಜನವರಿ 1ರಿಂದ ಜಾರಿಯಾಯಿತು. ಇಂದಿಗೂ ನಮ್ಮನ್ನು ಆಳುತ್ತಿರುವುದು ಅದೇ ಕಾಯಿದೆ. ನೂರು ರೂಪಾಯಿ ಮತ್ತು ಅದಕ್ಕೂ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಣಿಯಾದ ಪತ್ರದ ಮೂಲಕವೇ ನಡೆಯಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯಿದೆ ಹೇಳಿತು. ಮುಂಬಯಿ ಪ್ರಾಂತಕ್ಕೆ, ಅಂದರೆ ನಮಗೆ, ಅದು ಅನ್ವಯವಾದದ್ದು 1893ರಲ್ಲಿ. ಆ ನೂರು ರೂಪಾಯಿಯ ಮಿತಿ ಇಂದಿಗೂ ಬದಲಾಗಿಲ್ಲ.

ಇಲ್ಲೊಂದು ಮುಖ್ಯ ಮಾತು. ಉಪನೋಂದಣಾಧಿಕಾರಿಯು ಮಾರುವವನಿಗೆ ನಿಜವಾಗಿ ಹಕ್ಕಿದೆಯೇ ಎಂದು ಆಳವಾಗಿ ವಿಚಾರಣೆ ಮಾಡುವವನಲ್ಲ. ಬಂದವರು ಯಾರು, ಈ ಪತ್ರವನ್ನು ತಾವೇ ಬರೆದುಕೊಟ್ಟದ್ದೆಂದು ಒಪ್ಪುತ್ತಾರೆಯೇ ಎಂದು ಕೇಳಿ ದಾಖಲಿಸುತ್ತಾನೆ. ಮುದ್ರೆ ಬಿದ್ದ ಮಾತ್ರಕ್ಕೆ ದೋಷವುಳ್ಳ ಹಕ್ಕು ನಿರ್ದೋಷವಾಗದು. ಹಕ್ಕನ್ನು ಪರೀಕ್ಷಿಸುವ ಹೊಣೆ ಕೊಳ್ಳುವವನದೇ. ಆದ್ದರಿಂದ ಸಿದ್ಧತೆ ಎಂಬುದು ಆ ದಿನದ ಬೆಳಗ್ಗೆ ಆರಂಭವಾಗುವ ಕೆಲಸವಲ್ಲ.

ಈಗ ನನ್ನ ಪ್ರಸಂಗ.

1981. ನಾನು ಆಗ ಪದವಿ ತರಗತಿಯಲ್ಲಿದ್ದೆ. ಅಜ್ಜ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮನೆಯ ಸಾಲ ತೀರಿಸಲೆಂದು ನಮ್ಮ ಹಿರಿಯರು ಪಕ್ಕದ ಕೇರಿಯಲ್ಲಿದ್ದ ಸಣ್ಣ ಮನೆಯನ್ನೂ ಅದರ ಹಿತ್ತಲನ್ನೂ ಮಾರಲು ನಿಶ್ಚಯಿಸಿದರು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಅಜ್ಜನ ಪಾಲಿನಲ್ಲಿ ಅವರ ಮಗಳಿಗೂ, ಅಂದರೆ ನನ್ನ ಸೋದರತ್ತೆಗೂ, ಭಾಗವಿತ್ತು. ಹಾಗಾಗಿ ಅವಳ ಸಹಿ ಬೇಕಾಯಿತು. ಅತ್ತೆ ಕೊಟ್ಟ ಊರಿನಿಂದ ಎರಡು ಬಸ್ಸು ಬದಲಿಸಿ ಬಂದಳು. ಬರುವಾಗ ಮಕ್ಕಳಿಗೆಂದು ಬಾಳೆಕಾಯಿ ಹಪ್ಪಳದ ಕಟ್ಟು ತಂದಿದ್ದಳು. ಅವಳಿಗೆ ಓದು ಬರಹ ಅಷ್ಟಾಗಿ ಇರಲಿಲ್ಲ. ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆಯಬಲ್ಲವಳಾಗಿದ್ದಳು.

ಕಚೇರಿಯ ಜಗಲಿಯ ಮೇಲೆ ಬರಹಗಾರರು ಪತ್ರವನ್ನು ಸಿದ್ಧಪಡಿಸಿ ಕೊಟ್ಟರು. ಸಾಕ್ಷಿದಾರರಲ್ಲಿ ನಾನೂ ಒಬ್ಬ. ಅತ್ತೆ ನನ್ನನ್ನು ಹತ್ತಿರ ಕರೆದು, "ಎಂತ ಬರದ್ದ ಹೇಳಿ ಒಂದ್ಸಲ ಓದು ತಮಾ" ಎಂದಳು. ನಾನು ಓದತೊಡಗಿದೆ. ಹೆಸರುಗಳು, ಸರ್ವೆ ನಂಬರು, ಚತುಃಸೀಮೆ. ಮೂಡಲಿಗೆ ಇಂಥವರ ತೋಟ, ಪಡುವಲಿಗೆ ಹಳ್ಳ. ಆಮೇಲೆ ಒಂದು ಪರಿಚ್ಛೇದವಿತ್ತು. ತನ್ನ ಪಾಲಿನ ಹಣವನ್ನು ಈಕೆ ಮೊದಲೇ ಪಡೆದುಕೊಂಡಿರುವಳೆಂದೂ, ತವರಿನ ಯಾವ ಆಸ್ತಿಯಲ್ಲಿಯೂ ಈಕೆಗೆ ಇನ್ನು ಯಾವ ಹಕ್ಕೂ ಇಲ್ಲವೆಂದೂ ಬರೆದಿತ್ತು. ಅವಳು ಏನನ್ನೂ ಪಡೆದಿರಲಿಲ್ಲ. ಅದು ನನಗೆ ಗೊತ್ತಿತ್ತು. ತಲೆಯೆತ್ತಿ ನೋಡಿದೆ. ಹಿರಿಯರೊಬ್ಬರು ಬೇಗ ಮುಗಿಸು ಎಂಬಂತೆ ಕಣ್ಣಿನಲ್ಲೇ ಸೂಚಿಸಿದರು. ನಾನು ಆ ಪರಿಚ್ಛೇದವನ್ನು ಹಾರಿಸಿ, ಕೊನೆಯ ಸಾಲನ್ನು ಓದಿ ಕಾಗದ ಮಡಿಸಿದೆ.

ಒಳಗೆ ಅಧಿಕಾರಿಗಳು ಕೇಳಿದರು: ಬರೆದುಕೊಟ್ಟದ್ದನ್ನು ಒಪ್ಪುತ್ತೀರಾ? ಅತ್ತೆ "ಹೌದು" ಎಂದಳು. ಅವರು ಕೇಳಬೇಕಾದುದನ್ನು ಕೇಳಿದರು, ಅವಳು ಹೇಳಬೇಕಾದುದನ್ನು ಹೇಳಿದಳು. ತಪ್ಪು ನಡೆದದ್ದು ಜಗಲಿಯ ಮೇಲೆ, ನನ್ನ ಬಾಯಿಯಲ್ಲಿ. ಆ ದಿನ ಸಂಜೆ ಅವಳಿಗೆ ಒಂದು ಸೀರೆ ಉಡುಗೊರೆ ಕೊಟ್ಟು ಬಸ್ಸು ಹತ್ತಿಸಿದೆವು.

ಆಮೇಲೆ ನಾನು ಬಿ.ಎಡ್. ಮುಗಿಸಿ ಮೇಷ್ಟರಾದೆ. ಸತ್ಯ, ನ್ಯಾಯ, ಸಂವಿಧಾನದ ಸಮಾನತೆಯ ಹಕ್ಕು ಎಂದು ನಿಮಗೆಲ್ಲ ಪಾಠ ಹೇಳಿದೆ. ಕೆಲವು ಸಲ ಪಾಠದ ನಡುವೆ ಆ ಜಗಲಿ ನೆನಪಾಗುತ್ತಿತ್ತು. ಅತ್ತೆಯ ಕೊನೆಯ ದಿನಗಳಲ್ಲಿ ನೋಡಲು ಹೋದಾಗ ಧೈರ್ಯ ಮಾಡಿ ಆ ಮಾತೆತ್ತಿದೆ. ಅವಳು ನಕ್ಕಳು. "ನೀ ಪೂರ್ತಿ ಓದಿದ್ದಿಲ್ಲೆ ಹೇಳಿ ನಂಗೆ ಅವತ್ತೇ ಗೊತ್ತಿತ್ತು ತಮಾ" ಎಂದಳು. ಹೆಚ್ಚು ಏನನ್ನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ವಿಜ್ಞಾನೇಶ್ವರನ ಕಾಲದ ದಾಯಾದರ ಪಟ್ಟಿಯಲ್ಲಿ ಕೂಡುಕುಟುಂಬದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮನಾದ ಸ್ಥಾನ ಇರಲಿಲ್ಲ. 1956ರ ಕಾಯಿದೆ ಬಾಗಿಲನ್ನು ಅರ್ಧ ತೆರೆಯಿತು. ಕರ್ನಾಟಕವು 1994ರಲ್ಲಿ ಹೆಣ್ಣುಮಕ್ಕಳನ್ನೂ ಹುಟ್ಟಿನಿಂದಲೇ ಸಮಪಾಲುದಾರರೆಂದು ಒಪ್ಪಿತಾದರೂ, ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಬಂದ ತಿದ್ದುಪಡಿಯಲ್ಲಿ ಆ ಭೇದ ಇಲ್ಲವಾಯಿತು. ಆ ದಿನ ತಂದೆ ಬದುಕಿರಬೇಕೇ ಎಂಬ ಗೊಂದಲವನ್ನು 2020ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಬಗೆಹರಿಸಿತು, ಬದುಕಿರಬೇಕೆಂದಿಲ್ಲ. 2004ರ ಡಿಸೆಂಬರ್ 20ಕ್ಕೂ ಮೊದಲು ನಡೆದ ಮಾರಾಟ, ನೋಂದಾಯಿತ ಪಾಲುಪಟ್ಟಿಗಳನ್ನು ಮಾತ್ರ ಕಾಯಿದೆ ಕದಲಿಸುವುದಿಲ್ಲ. ಆದ್ದರಿಂದ ಪಿತ್ರಾರ್ಜಿತ ಮನೆಯನ್ನು ಕೊಳ್ಳುವವನು ಮೊದಲು ನೋಡಬೇಕಾದ ಕಾಗದ ವಂಶವೃಕ್ಷ. ಅದರಲ್ಲಿ ಅಕ್ಕತಂಗಿಯರ ಹೆಸರು ಬಿಟ್ಟುಹೋಗಿದೆಯೇ ಎಂದು ಮೊದಲು ನೋಡಬೇಕು.

ನಾನು ನಿವೃತ್ತಿಗೂ ಮುಂಚೆ, 2011ರಲ್ಲಿ, ಸಣ್ಣದೊಂದು ಮನೆ ಕೊಂಡೆ. ಮಾರುವವರಿಗೆ ಇಬ್ಬರು ತಂಗಿಯರಿದ್ದರು. ಸಹಿ ಹಾಕಲು ಬರುತ್ತಾರೆ, ನೀವು ಚಿಂತಿಸಬೇಡಿ ಎಂದಿದ್ದರು. ನೋಂದಣಿಯ ಹಿಂದಿನ ಸಂಜೆ ನಾನು ಕರಡನ್ನು ಹಿಡಿದು ಅವರ ಮನೆಗೆ ಹೋದೆ. ಚಾವಡಿಯಲ್ಲಿ ಎಲ್ಲರನ್ನೂ ಕೂರಿಸಿ ಮೊದಲಕ್ಷರದಿಂದ ಕೊನೆಯಕ್ಷರದವರೆಗೆ ಗಟ್ಟಿಯಾಗಿ ಓದಿದೆ. 'ತಮ್ಮ ಪಾಲಿನ ಹಣ ಸಂದಿರುತ್ತದೆ' ಎಂಬಲ್ಲಿ ಕಿರಿಯ ತಂಗಿ, "ಮಾಸ್ತರೇ, ಅದು ಇನ್ನೂ ಸಂದಿಲ್ಲ" ಎಂದರು. ಚಾವಡಿ ನಿಶ್ಶಬ್ದವಾಯಿತು. ಅಣ್ಣನ ಮುಖ ಕೆಂಪಾಯಿತು. ಮರುದಿನದ ನೋಂದಣಿ ನಿಂತಿತು. ನೋಡಿಸಿದ ಮುಹೂರ್ತ ತಪ್ಪಿತು. ಮೇಷ್ಟರು ಮನೆ ಒಡೆದರು ಎಂದೂ ಕೆಲವರು ಆಡಿಕೊಂಡರು. ಎರಡು ವಾರ ನಮ್ಮ ಮನೆಯಲ್ಲೂ ನೆಮ್ಮದಿ ಇರಲಿಲ್ಲ. ಸಂಚಕಾರದ ಹಣ ಹೋದೀತೆಂಬ ಭಯ ನನ್ನವಳಿಗೆ. ಕೊನೆಗೆ ಅಣ್ಣತಂಗಿಯರು ತಮ್ಮೊಳಗೇ ಕುಳಿತು ಮಾತಾಡಿ ಬಗೆಹರಿಸಿಕೊಂಡರು. ತಂಗಿಯರ ಹೆಸರಿಗೇ ಪ್ರತ್ಯೇಕ ಚೆಕ್ಕು ಕೊಟ್ಟು, ಅವುಗಳ ಸಂಖ್ಯೆಯನ್ನು ಪತ್ರದಲ್ಲಿ ಬರೆಸಿದೆ. ಇದರಿಂದ 1981ರ ಸಾಲ ತೀರಿತೆಂದು ನಾನು ಹೇಳುವುದಿಲ್ಲ. ಅದು ಬೇರೆಯವರ ಸಾಲ, ತೀರಿಸಬೇಕಾದವಳು ಈಗ ಇಲ್ಲ.

ಇನ್ನು ನನ್ನ ವಿದ್ಯಾರ್ಥಿಗೆ ಹೇಳಿದ ಉಳಿದ ಮಾತುಗಳನ್ನು ಸಂಕ್ಷೇಪವಾಗಿ ಬರೆಯುತ್ತೇನೆ.

ಮಾರುವವರ ಕೈಗೆ ಸ್ವತ್ತು ಹೇಗೆ ಬಂತು ಎಂಬುದರ ಮೂಲಪತ್ರಗಳನ್ನು ಒಂದರ ಹಿಂದೊಂದಾಗಿ ನೋಡು. ಕನಿಷ್ಠ ಮೂವತ್ತು ವರ್ಷಗಳ ಋಣಭಾರ ಪತ್ರ ತೆಗೆಸು. ಆದರೆ ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಬಾಯಿಮಾತಿನ ಒಪ್ಪಂದವಾಗಲಿ, ನ್ಯಾಯಾಲಯದಲ್ಲಿರುವ ಎಲ್ಲ ದಾವೆಗಳಾಗಲಿ ಅದರಲ್ಲಿ ಕಾಣಿಸವು. ಪಹಣಿಯಲ್ಲಿ ಬೋಜಾ ಇದ್ದರೆ ಸೊಸೈಟಿಯಿಂದ ಸಾಲ ತೀರಿದ ಪತ್ರ ತಂದು, ಅದನ್ನು ಕಮ್ಮಿ ಮಾಡಿಸಿದ ಮೇಲೆಯೇ ಮುಂದಿನ ಮಾತು. ಸರ್ವೆ ನಂಬರಿನ ಒಂದು ತುಂಡನ್ನಷ್ಟೇ ಕೊಳ್ಳುವುದಾದರೆ ಹನ್ನೊಂದು-ಇ ನಕ್ಷೆ ಬೇಕು. ನಮ್ಮಲ್ಲಿ ಎಕರೆ, ಗುಂಟೆ, ಆಣೆಗಳ ಲೆಕ್ಕ: ನಲವತ್ತು ಗುಂಟೆಗೆ ಒಂದು ಎಕರೆ, ಹದಿನಾರು ಆಣೆಗೆ ಒಂದು ಗುಂಟೆ. ಪತ್ರದ ಆಣೆಗೂ ಬೇಲಿಯ ಆಣೆಗೂ ತಾಳೆ ಇದೆಯೇ ಎಂದು ನೆರೆಯವರ ಎದುರಿನಲ್ಲೇ ಅಳೆಸು. ವಿಜ್ಞಾನೇಶ್ವರ ಹೇಳಿದ್ದೂ ಅದನ್ನೇ.

ನಮ್ಮ ಸೀಮೆಗೇ ವಿಶೇಷವಾದ ಎರಡು ಎಚ್ಚರಗಳಿವೆ. ಮಾರುವವರು ಮನೆಯ ಹಿಂದಿನ ಸೊಪ್ಪಿನ ಬೆಟ್ಟವನ್ನು ತೋರಿಸಿ "ಇದೂ ನಮ್ಮದೇ" ಎನ್ನುತ್ತಾರೆ. ಬೆಟ್ಟ ಎಂಬುದು ಅಡಿಕೆ ತೋಟಕ್ಕೆ ಸೊಪ್ಪು ತರಲು ಬ್ರಿಟಿಷರ ಕಾಲದಿಂದ ಬಂದ ಸೌಲಭ್ಯ, ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ. ಅದು ತೋಟವನ್ನು ಅನುಸರಿಸಿ ಹೋಗುತ್ತದೆಯೇ ಹೊರತು ಬಿಡಿಯಾಗಿ ಮಾರುವ ಸ್ವತ್ತಲ್ಲ. ಹಾಗೆಯೇ ಎಷ್ಟೋ ಮನೆಗಳ ಜಗಲಿಯ ಅಂಚು ಅರಣ್ಯದ ಗಡಿಯೊಳಗೆ ಚಾಚಿಕೊಂಡಿರುತ್ತದೆ. ಅತಿಕ್ರಮಣದ ಜಾಗಕ್ಕೆ ಹಣ ಕೊಟ್ಟರೆ ಅದು ನೀರಿಗೆ ಹಾಕಿದಂತೆ. ಎರಡನೆಯದು ನೆಲದ ಗಟ್ಟಿತನ. ಮತ್ತಿಘಟ್ಟದಂಥ ಘಟ್ಟದ ಅಂಚಿನ ಊರುಗಳಲ್ಲಿ ಪತ್ರ ಸರಿಯಿದ್ದರೆ ಸಾಲದು. 2021ರ ಜುಲೈ ತಿಂಗಳ ಮಳೆಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಮನೆ, ತೋಟ, ರಸ್ತೆಗಳು ಹೋದದ್ದನ್ನು ನಾವು ಕಂಡಿದ್ದೇವೆ. ಅವರ ಪಹಣಿಗಳಲ್ಲಿ ಯಾವ ದೋಷವೂ ಕಾಣುತ್ತಿರಲಿಲ್ಲ. ಮನೆಯ ಹಿಂದಿನ ಧರೆಯನ್ನು ಮಳೆಗಾಲದಲ್ಲಿ ಒಮ್ಮೆ ಹೋಗಿ ನೋಡು.

ಕಾಗದದ ಕಾಲವೂ ಕಣ್ಣೆದುರೇ ಬದಲಾಯಿತು. ಖಾನಾಪುರದ ಅಬ್ದುಲ್ ಕರೀಮ್ ತೆಲಗಿಯ ಖೋಟಾ ಛಾಪಾಕಾಗದದ ಹಗರಣ ಹೊರಬಿದ್ದ ಮೇಲೆ, ಅಜ್ಜಂದಿರು ಕಬ್ಬಿಣದ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡುತ್ತಿದ್ದ ಆ ಕಾಗದವೇ ರಾಜ್ಯದಲ್ಲಿ ಬಳಕೆಯಿಂದ ಹೋಯಿತು. 'ಭೂಮಿ' ಯೋಜನೆಯಿಂದ ಪಹಣಿ ಗಣಕಕ್ಕೆ ಬಂತು, 'ಕಾವೇರಿ' ತಂತ್ರಾಂಶದಿಂದ ನೋಂದಣಿಯೂ ಬಂತು. 2023ರಿಂದ ಕಾವೇರಿಯ ಹೊಸ ಆವೃತ್ತಿಯಲ್ಲಿ ಕರಡನ್ನು ಮನೆಯಿಂದಲೇ ಮೊದಲು ಕಳುಹಿಸಿ, ಪರಿಶೀಲನೆಯಾದ ನಂತರ ಶುಲ್ಕ ತುಂಬಿ, ಸಮಯ ಗೊತ್ತುಮಾಡಿಕೊಂಡು ಹೋಗಬೇಕು. ನಗರ ಪ್ರದೇಶದ ಸ್ವತ್ತಿಗೆ 2024ರಿಂದ ಇ-ಖಾತೆ ಕಡ್ಡಾಯವಾಗಿದೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ ಬೇರೆ. ಹಳೆಯ ಲೆಕ್ಕ ಹಿಡಿದು ಹಣ ಹೊಂದಿಸಿಕೊಂಡವರು ಕೊನೆಯ ಗಳಿಗೆಯಲ್ಲಿ ಪೇಚಾಡುತ್ತಾರೆ. ಇಪ್ಪತ್ತು ಸಾವಿರ ರೂಪಾಯಿ ಅಥವಾ ಅದಕ್ಕೂ ಮೇಲಿನ ಹಣವನ್ನು ನಗದಾಗಿ ಕೊಡುವ ತೆಗೆದುಕೊಳ್ಳುವ ಕೆಲಸ ಬೇಡವೇ ಬೇಡ.

ಹೆಸರುಗಳನ್ನು ತಾಳೆ ನೋಡು. ಪಹಣಿಯಲ್ಲಿ ಗಣಪತಿ, ಆಧಾರದಲ್ಲಿ ಗಣಪಯ್ಯ, ಬ್ಯಾಂಕಿನಲ್ಲಿ ಮನೆಹೆಸರು ಬೇರೆ ಎಂದಾದರೆ ನಮ್ಮ ಊರುಗಳಲ್ಲಿ ಆಶ್ಚರ್ಯವೇನಲ್ಲ; ಆದರೆ ಗಣಕಕ್ಕೆ ನಮ್ಮ ಊರಿನ ಪರಿಚಯವಿಲ್ಲ. ಮಾರುವವರಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದರೆ ಎತ್ತಿಕೊಂಡು ಹೋಗಬೇಕಿಲ್ಲ. ಅಧಿಕಾರಿಗಳನ್ನು ಮನೆಗೇ ಬರಮಾಡಿಕೊಳ್ಳಲು 1908ರ ಕಾಯಿದೆಯಲ್ಲೇ ಅವಕಾಶವಿದೆ. ಪತ್ರಕ್ಕೆ ಸಹಿಯಾದ ದಿನದಿಂದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ಮತ್ತು ಮುದ್ರೆ ಬಿದ್ದ ಕೂಡಲೇ ಕೆಲಸ ಮುಗಿಯದು. ಪಹಣಿಗೋ ಖಾತೆಗೋ ನಿನ್ನ ಹೆಸರು ಏರುವವರೆಗೂ ಬೆನ್ನು ಬಿಡಬೇಡ.

ಇಷ್ಟೆಲ್ಲ ಮಾಡಿದ ಮೇಲೂ ಹಿಂದಿನ ಸಂಜೆಯನ್ನು ಖಾಲಿ ಇಟ್ಟುಕೋ. ಮಾರುವವರ ಮನೆಗೆ ಹೋಗು. ಕಾಗದ ಓದಲು ಬಾರದವರು, ಬಂದರೂ ಕೇಳಲು ಸಂಕೋಚಪಡುವವರು ಆ ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ. ಅವರ ಎದುರಿಗೆ ಕುಳಿತು ಪೂರ್ತಿ ಓದು. ಯಾವ ಪರಿಚ್ಛೇದವನ್ನೂ ಹಾರಿಸಬೇಡ.

ನನ್ನ ವಿದ್ಯಾರ್ಥಿ ಎಲ್ಲವನ್ನೂ ಕೇಳಿ, "ಸರ್, ಮಾರುವವರಿಗೆ ಒಬ್ಬಳು ಅಕ್ಕ ಇದ್ದಾಳೆ ಎಂದು ಕೇಳಿದ್ದೆ. ಪತ್ರದಲ್ಲಿ ಅವಳ ಹೆಸರು ಕಾಣಲಿಲ್ಲ" ಎಂದ. ನಾಳೆಯೇ ವಿಚಾರಿಸು ಎಂದೆ. ಅವನ ನೋಂದಣಿ ಈಗ ಮುಂದಕ್ಕೆ ಹೋಗಿದೆ. ಗೃಹಪ್ರವೇಶದ ಕರೆಯೋಲೆ ಬಂದಾಗ ನಿಮಗೆ ತಿಳಿಸುತ್ತೇನೆ.